ಗಾದಿ ಸಾಬರ ಜೋಲಿ

ದಾವಣಗೆರೆಯ ಹಳೇ ಪೇಟೆಯಲ್ಲಿ ಆಯುಷ್ಯವೆಲ್ಲ ಅರಳೆ ಹಿಂಜಿ ಗಾದಿ ತುಂಬಿದ ಕುತುಬುದ್ದೀನ್ ಸಾಬರಿಗೆ ತಮ್ಮ ಕಸುಬಿನ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ. “ನನ್ನ ಗಾದಿ ಮ್ಯಾಲೆ ಬಿದ್ದೋನಿಗೆ ನಿದ್ದೆ ಬರಲಿಲ್ಲಾಂದ್ರೆ ಅದು ಗಾದಿ ತಪ್ಪಲ್ಲ, ಅವನು ಯಾರಿಗೋ ಮೋಸ ಮಾಡ್ಯಾನ” ಎಂದು ಗಿರಾಕಿಗಳ ಮುಖಕ್ಕೇ ಹೇಳುತ್ತಿದ್ದರು. ಮಗ ಅಮ್ಜದ್ ಅಂಗಡಿಗೆ ಫೋಮ್ ಗಾದಿ ತಂದು ಇಟ್ಟಾಗ ಅದನ್ನು ಅಂಗೈಯಿಂದ ಒತ್ತಿ ನೋಡಿ, “ಇದು ಗಾದಿಯಲ್ಲಪ್ಪ, ಇಡ್ಲಿ” ಅಂದಿದ್ದರು. ಇಂಥ ಮನುಷ್ಯನ ಹೆಂಡತಿ ಬೀಬಿಜಾನ್‌ಗೆ ಒಂದು ವರ್ಷದಿಂದ ನಿದ್ದೆಯಿಲ್ಲ. ಜಂಬದವರನ್ನು ಎಲ್ಲಿ ಚಿವುಟಬೇಕು ಅಂತ ಮೇಲಿರುವವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ಬೀಬಿಜಾನ್‌ಗೆ ನಿದ್ದೆಯಲ್ಲೇ ಉಸಿರು ಕಟ್ಟಿತ್ತು. ಪಕ್ಕದಲ್ಲೇ ಮಲಗಿದ್ದ ಸಾಬರಿಗೆ ಗೊತ್ತೇ ಆಗಲಿಲ್ಲ. ನೀರು ಕುಡಿಯಲು ಎದ್ದ ಸೊಸೆ ನುಜತ್ ಗೊರಗೊರ ಸದ್ದು ಕೇಳಿ ಬಾಗಿಲು ಬಡಿದದ್ದರಿಂದ ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು, “ಇನ್ನು ಹೆದರಿಕೆ ಇಲ್ಲ. ಆದ್ರೆ ಚೆನ್ನಾಗಿ ನಿದ್ದೆ ಮಾಡ್ಬೇಕು. ನಿದ್ದೆಗೆಟ್ರೆ ಮತ್ತೆ ತೊಂದರೆ ಕಟ್ಟಿಟ್ಟ ಬುತ್ತಿ” ಎಂದಿದ್ದರು.

ಅವತ್ತಿನಿಂದ ದೇವರಾಜ ಅರಸು ಬಡಾವಣೆಯ ತಮ್ಮ ಮನೆಯಲ್ಲಿ ಸಾಬರು ಹೆಂಡತಿಯ ನಿದ್ದೆಗೆ ಕಾವಲು ಕೂತರು. ಹಳೇ ಗಾದಿ ಬಿಚ್ಚಿ ಹೊಸ ಅರಳೆ ತುಂಬಿದರು. ಗಟ್ಟಿಯಾಯಿತೇನೋ ಎಂದು ಅದನ್ನೂ ಬಿಚ್ಚಿ ಮೆತ್ತಗೆ ಮಾಡಿದರು. ಮಂಚ ತಿರುಗಿಸಿದರು, ಹಾಲಿಗೆ ಗಸಗಸೆ ಹಾಕಿಸಿದರು. ಯಾವುದೂ ನಾಟಲಿಲ್ಲ. ದೀಪ ಆರಿಸಿದ ಸ್ವಲ್ಪ ಹೊತ್ತಿಗೆ, “ಬೀಬಿ, ನಿದ್ದೆ ಬಂತಾ?” ಎಂದು ಕೇಳುತ್ತಿದ್ದರು. ಅವಳು “ಹೂಂ” ಅನ್ನುತ್ತಿದ್ದಳು. ಇನ್ನಷ್ಟು ಹೊತ್ತಿಗೆ ಮತ್ತೆ ಕೇಳುತ್ತಿದ್ದರು, ಅವಳು ಮತ್ತೆ “ಹೂಂ” ಅನ್ನುತ್ತಿದ್ದಳು. ಬೆಳಗ್ಗೆ ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಸಾಬರು ಮತ್ತೆ ಗಾದಿಯ ಹೊಲಿಗೆ ಬಿಚ್ಚುತ್ತಿದ್ದರು. ಇವಳನ್ನು ಉಳಿಸಿಕೊಳ್ಳಬೇಕು, ಉಳಿಸಿಕೊಳ್ಳಬೇಕಾದರೆ ಮಲಗಿಸಬೇಕು. ಅವರ ತಲೆಯಲ್ಲಿ ಬೇರೆ ವಿಚಾರವೇ ಇರಲಿಲ್ಲ.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಬೀಬಿಜಾನ್ ತಾನೇ ಮಾತು ತೆಗೆದಳು. “ನಿದ್ದೆ ಅಂದ್ರೆ ಸಾರಥಿ ಊರಾಗ ಮಾಡಿದ್ದು ನೋಡ್ರಿ. ಕರಿಯವ್ವನ ಕಣದಾಗ, ಬೇವಿನ ಮರದ ಕೆಳಗೆ. ಅಮ್ಜದನ ಜೋಲ್ಯಾಗ ಅವನ ಜೊತಿಗೆ ನಾನೂ ಮುದುರಿಕೊಂಡು ಮಲಗಿದ್ನಲ್ಲ, ನೆಪ್ಪೈತಾ?”

ನೆನಪಿಲ್ಲದೆ ಏನು! ಆಗೆಲ್ಲ ಸುಗ್ಗಿ ಮುಗಿಯುವುದೇ ತಡ, ಸಾಬರು ಅರಳೆ ಹಿಂಜುವ ಬಿಲ್ಲು ಹೆಗಲಿಗೇರಿಸಿ ಹರಿಹರದ ಕಡೆಯ ಹಳ್ಳಿಗಳಿಗೆ ಹೊರಡುತ್ತಿದ್ದರು. ಸಾರಥಿಯಲ್ಲಿ ಗೆಳೆಯ ಅಜ್ಜಯ್ಯನ ಮನೆಯ ಹಿತ್ತಲ ಕಣವೇ ಅವರ ಬಿಡಾರ. ಮದುವೆಯಾದ ಹೊಸದರಲ್ಲಿ ಬೀಬಿಜಾನ್ ಕೂಡ ಜೊತೆಗೆ ಬರುತ್ತಿದ್ದಳು. ಕೂಸಿಗೆ ಕೌದಿಯ ಜೋಲಿ ಕಟ್ಟಿ, ಅಜ್ಜಯ್ಯನ ಹೆಂಡತಿ ಕರಿಯವ್ವನ ಜೊತೆ ಗಾದಿಗೆ ಹೊಲಿಗೆ ಹಾಕುತ್ತಾ ಕೂರುತ್ತಿದ್ದಳು. ಅರಳೆಯ ಎಳೆ ಹಾರಿ ಎಲ್ಲರ ತಲೆಯೂ ಬೆಳ್ಳಗಾಗುತ್ತಿತ್ತು. ಕರಿಯವ್ವ ರೊಟ್ಟಿಗೆ ಅಂಟಿದ ಎಳೆ ತೆಗೆದು ಬಯ್ಯುತ್ತಲೇ ಇನ್ನೊಂದು ರೊಟ್ಟಿ ಬಡಿಸುತ್ತಿದ್ದಳು. ದಿನವೆಲ್ಲ ಊರಿನವರಿಗೆ ಗಾದಿ ತುಂಬಿ, ರಾತ್ರಿ ತಾವು ಗೋಣಿತಾಟಿನ ಮೇಲೆ ಬಿದ್ದುಕೊಳ್ಳುತ್ತಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ಹಾಗಿತ್ತು. ಈಗ ಮೂರು ಥರದ ದಿಂಬು, ತಲೆಯ ಮೇಲೆ ಫ್ಯಾನು, ಎಲ್ಲವೂ ಇತ್ತು.

ಸೊಸೆ ನುಜತ್ ಅಡುಗೆಮನೆಯಿಂದಲೇ ಹೇಳಿದಳು. “ಮಾವ, ದೊಡ್ಡೋರಿಗೂ ಜೋಲಿ ಸಿಗ್ತವೆ. ಹ್ಯಾಮಕ್ ಅಂತಾರೆ. ನಮ್ಮ ಸ್ಕೂಲಿನ ಟೀಚರ್ಸ್ ಎಲ್ಲ ಕ್ಯಾಂಪಿಂಗ್ ಹೋದಾಗ ಮರಕ್ಕೆ ಕಟ್ಟಿ ಅದ್ರಲ್ಲೇ ಮಲಗಿದ್ವಿ. ಅತ್ತೇನ ಕರ್ಕೊಂಡು ಸಾರಥಿಗೇ ಹೋಗಿ ಬರ್ರಿ.”

ಸಾಬರು ಅವತ್ತೇ ಸಂಜೆ ಬೀಬಿಜಾನ್‌ಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎಂ.ಸಿ.ಸಿ. ಬಡಾವಣೆಗೆ ಹೋದರು. ಟೆಂಟು, ಹಗ್ಗ, ಬೆನ್ನುಚೀಲ ಮಾರುವ ಆ ಸಣ್ಣ ಅಂಗಡಿಯನ್ನು ಲತಾ ಎಂಬ ಹುಡುಗಿ ನಡೆಸುತ್ತಿದ್ದಳು. ಅವಳು ಒಂದೊಂದೇ ಹ್ಯಾಮಕ್ಕನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ ತೋರಿಸಿದಳು. ಒಂದು ಪ್ಯಾರಾಚೂಟ್ ಬಟ್ಟೆಯದು, ಮಡಚಿದರೆ ಮುಷ್ಟಿಯಷ್ಟಾಗುತ್ತಿತ್ತು. ಇನ್ನೊಂದು ಹಗ್ಗದ ಬಲೆ. ಅದನ್ನು ನೋಡಿ ಸಾಬರು, “ಇದ್ರಾಗ ಮಲಗಿ ಎದ್ರೆ ಮೈಮೇಲೆ ಜಿಲೇಬಿ ಅಚ್ಚು ಬೀಳ್ತಾವೆ” ಅಂದರು. ಮೂರನೆಯದು ದಪ್ಪ ಕ್ಯಾನ್ವಾಸಿನದು. ಅದರ ಎರಡೂ ತುದಿಗೆ ಅಡ್ಡ ಮರದ ಕೋಲು ಇದ್ದು, ಬಟ್ಟೆ ಮಂಚದ ಹಾಗೆ ಸಪಾಟಾಗಿ ಹರಡಿಕೊಂಡಿತ್ತು.

ಸಾಬರು ಗಾದಿ ಒತ್ತುವ ಹಾಗೆ ಅಂಗೈ ಊರಿ ಮೂರನ್ನೂ ಒತ್ತಿದರು. ಪ್ಯಾರಾಚೂಟ್ ಬಟ್ಟೆ ಕೈಯ ಜೊತೆಗೇ ಕೆಳಗಿಳಿಯಿತು. “ಗುಂಡಿ ಬೀಳ್ತೈತಲ್ಲ ತಾಯಿ ಇದು!”

“ಜೋಲಿ ಅಂದ್ಮೇಲೆ ಗುಂಡಿ ಬೀಳ್ಲೇಬೇಕು ಅಜ್ಜಾರೆ” ಅಂದಳು ಲತಾ. “ಅದ್ರಲ್ಲಿ ಓರೆಯಾಗಿ ಮಲಗಿದ್ರೆ ಬೆನ್ನು ನೇರ ಇರುತ್ತೆ. ಕೋಲು ಇರೋದು ನೋಡೋಕೆ ಚೆಂದ, ಆದ್ರೆ ನಿದ್ದೇಲಿ ಹೊರಳಿದ್ರೆ ಎತ್ತಿ ಹಾಕುತ್ತೆ. ಹೊರಗೆ ಮಲಗೋಕೆ ಈ ಪ್ಯಾರಾಚೂಟ್ ಬಟ್ಟೇದೇ ತಗೊಳ್ರಿ, ಸೊಳ್ಳೆಪರದೆನೂ ಐತೆ.”

ಯಾರಿಗೆ ಹೇಳುತ್ತಿದ್ದಾಳೆ ಪಾಪ! ಗುಂಡಿ ಬಿತ್ತು ಎಂದು ಗಿರಾಕಿ ವಾಪಸ್ ತಂದ ಗಾದಿಯೇ ಈ ಮನುಷ್ಯನ ಬಾಳಿನ ಏಕೈಕ ಶತ್ರು. ಗುಂಡಿ ಎಂದರೆ ಅವಮಾನ, ಸಪಾಟು ಎಂದರೆ ಮರ್ಯಾದೆ. ಬೀಬಿಜಾನ್ ಹಸಿರು ಪ್ಯಾರಾಚೂಟ್ ಬಟ್ಟೆಯ ಅಂಚನ್ನು ಬೆರಳಿಂದ ಸವರುತ್ತಾ ನಿಂತಿದ್ದಳು. ಸಾಬರು ಅದನ್ನು ನೋಡಿದರೂ ಅವಳನ್ನು ಏನೂ ಕೇಳಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೋಲಿನದನ್ನೇ ಕಟ್ಟಿಸಿಕೊಂಡರು.

ಬುಧವಾರ ಬೆಳಗ್ಗೆ ಇಬ್ಬರೂ ಹರಿಹರದ ಬಸ್ಸು ಹತ್ತಿದರು. ಸಂಜೆ ಕಾರು ತಂದು ಕರೆದೊಯ್ಯುವುದಾಗಿ ಅಮ್ಜದ್ ಹೇಳಿದ್ದ. ಹರಿಹರದಲ್ಲಿಳಿದು ಸಾರಥಿಗೆ ಆಟೋ ಹಿಡಿದಾಗ ಸಾಬರಿಗೆ ದಾರಿಯುದ್ದಕ್ಕೂ ಹಳೆಯದೇ ಕಾಣುತ್ತಿತ್ತು. ಇಲ್ಲಿ ಬಿಲ್ಲಿನ ನರದ ಹುರಿ ಹರಿದಿತ್ತು, ಅಲ್ಲಿ ಅಜ್ಜಯ್ಯ ಗಾಡಿ ನಿಲ್ಲಿಸಿ ಕಬ್ಬು ಮುರಿದು ಕೊಟ್ಟಿದ್ದ. ಅಜ್ಜಯ್ಯ ತೀರಿಕೊಂಡ ಮೇಲೆ ಅವರು ಈ ಕಡೆ ಬಂದಿರಲಿಲ್ಲ. ಎದೆ ಭಾರವಾಗಿ ಬೀಬಿಜಾನ್ ಕಡೆ ನೋಡಿದರೆ ಅವಳು ಹೊಲಗಳನ್ನು ನೋಡುತ್ತಾ ಸುಮ್ಮನೆ ನಗುತ್ತಿದ್ದಳು.

ಕರಿಯವ್ವ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. “ಬಾ ಬೀಬಕ್ಕ, ಏನೇ ಇಷ್ಟು ಸೊರಗಿ!” ಎಂದು ಬೀಬಿಜಾನ್‌ಳ ಗಲ್ಲ ಹಿಡಿದಳು. “ಕುತುಬಣ್ಣ, ನೀನೂ ಬಂದಿ? ನಿನ್ನ ಗೆಳೆಯ ಇದ್ದಿದ್ರೆ ಕುಣಿತಿದ್ದ.” ಮೂವರೂ ಸ್ವಲ್ಪ ಹೊತ್ತು ಸೆರಗಿನಿಂದಲೂ ಟವೆಲ್ಲಿನಿಂದಲೂ ಕಣ್ಣೊರೆಸಿಕೊಂಡರು. ಆಮೇಲೆ ರೊಟ್ಟಿ, ಎಣಗಾಯಿ, ಮೊಸರು ಆಯಿತು.

ಊಟವಾದದ್ದೇ ಸಾಬರು ಕೆಲಸಕ್ಕಿಳಿದರು. ಬೇವಿನ ಮರ ಹಾಗೇ ಇತ್ತು, ಎದುರಿಗೆ ಹೊಂಗೆಯೊಂದು ಬೆಳೆದಿತ್ತು. ಹಲ್ಲು ಕಚ್ಚಿ ಹಗ್ಗ ಎಳೆದೆಳೆದು ಕಟ್ಟಿದರು. ಬಟ್ಟೆ ಎಷ್ಟು ಬಿಗಿಯಾಯಿತೆಂದರೆ ಮೇಲೆ ನೀರು ತುಂಬಿದ ಲೋಟ ಇಡಬಹುದಿತ್ತು. “ನೋಡ್ರವ್ವ, ಒಂದು ಗುಂಡಿ ತೋರಿಸ್ರಿ” ಎನ್ನುತ್ತಾ ತಾವೇ ಮೊದಲು ಹತ್ತಿ ಉದ್ದಕ್ಕೆ ಮಲಗಿದರು. ಕಾಲು ಸರಿಮಾಡಿಕೊಳ್ಳಲು ಕೊಂಚ ಹೊರಳಿದರು. ಆಕಾಶ ಕೆಳಗೆ ಬಂತು, ನೆಲ ಮೇಲೆ ಹೋಯಿತು, ಸಾಬರು ಬೇವಿನೆಲೆಗಳ ಮೇಲೆ ಅಂಗಾತ ಬಿದ್ದಿದ್ದರು.

ಕರಿಯವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೀಬಿಜಾನ್ ಮೊದಲು ಗಾಬರಿಯಾಗಿ ಓಡಿ ಬಂದು, ಏಟು ಬಿದ್ದಿಲ್ಲವೆಂದು ಗೊತ್ತಾದ ಮೇಲೆ ಅವಳೂ ನಗತೊಡಗಿದಳು. “ಅಲ್ಲಣ್ಣ, ನೀ ಕಟ್ಟಿದ್ದು ಮಂಚನೋ ಜೋಲಿನೋ?” ಎಂದು ಕರಿಯವ್ವ ಎದ್ದಳು. “ಕೂಸಿನ ಜೋಲಿಗೆ ಯಾರಾದ್ರೂ ಕೋಲು ಹಾಕ್ತಾರೇನು? ಸಡಿಲ ಬಿಟ್ರೆ ತಾನೇ ಮೈ ತಬ್ಬಿಕೊಳ್ಳೋದು!” ಹೆಂಗಸರಿಬ್ಬರೂ ಸೇರಿ ಗಂಟು ಬಿಚ್ಚಿ ಕೋಲುಗಳನ್ನು ಎಳೆದು ಹಾಕಿದರು. ಬಟ್ಟೆಯ ಎರಡೂ ತುದಿಯ ಹುರಿಗಳನ್ನು ಒಟ್ಟುಮಾಡಿ, ನಡುವೆ ಜೋಲು ಬಿಟ್ಟು ಮತ್ತೆ ಕಟ್ಟಿದರು. ಸಾಬರ ಮರ್ಯಾದೆಯ ನಟ್ಟನಡುವೆ ದೊಡ್ಡದೊಂದು ಗುಂಡಿ ಬಿತ್ತು.

“ಬಾ ಬೀಬಿ, ಮಲಗು” ಅಂದರು ಸಾಬರು.

“ಇರ್ರಿ, ಊಟ ಈಗ ಆಗೈತೆ. ಆಮೇಲೆ” ಎಂದು ಬೀಬಿಜಾನ್ ಕರಿಯವ್ವನ ಚಾಪೆಯ ಮೇಲೆ ಕೂತಳು. ಅಷ್ಟರಲ್ಲಿ ಗಾಳಿ ಬೀಸಿ ಜೋಲಿ ತಾನಾಗಿ ಅತ್ತಿತ್ತ ಆಡಿತು. ಕರಿಯವ್ವ ಓಡಿ ಹೋಗಿ ಎರಡೂ ಕೈಯಿಂದ ಹಿಡಿದು ನಿಲ್ಲಿಸಿದಳು. “ಖಾಲಿ ಜೋಲಿ ತೂಗಬಾರ್ದು! ನನ್ನ ಮೊಮ್ಮಗನ ಹೆಂಡ್ತಿ ಬಸುರಿ ಅದಾಳೆ, ಕೂಸಿಗೆ ಆಗಿಬರಲ್ಲ. ಯಾರಾದ್ರೂ ಮಲಗ್ರಿ, ಇಲ್ಲಾಂದ್ರೆ ಬಿಚ್ರಿ.”

ಬೀಬಿಜಾನ್ ಗಂಡನ ಕಡೆ ನೋಡಿದಳು. “ನೀವೇ ಮಲಗ್ರಿ ಒಂದು ಗಳಿಗೆ. ಆಮೇಲೆ ನಾ ಬರ್ತೀನಿ.”

ಜಾಗ ಹಿಡಿದಿಡುವುದಷ್ಟೇ ತಾನೇ ಎಂದು ಸಾಬರು ಹೆದರುತ್ತಾ ಹತ್ತಿದರು. ಈ ಸಲ ಬಟ್ಟೆ ಎತ್ತಿ ಹಾಕಲಿಲ್ಲ, ಬೆನ್ನನ್ನೂ ಭುಜವನ್ನೂ ಸುತ್ತಿ ಹಿಡಿಯಿತು. ಅಂಗಡಿಯ ಹುಡುಗಿ ಹೇಳಿದ್ದು ನೆನಪಾಗಿ ಕೊಂಚ ಓರೆಯಾದರು. ಹೆಂಗಸರು ಯಾರದೋ ಮದುವೆಯ ಮಾತಾಡುತ್ತಿದ್ದರು. ಆ ಮದುವೆ ಎಲ್ಲಿ ನಡೆಯಿತು ಎನ್ನುವುದರೊಳಗೆ ಸಾಬರಿಗೆ ಕಣ್ಣು ಹತ್ತಿತು.

ಎಚ್ಚರಾದಾಗ ಬಿಸಿಲು ಹಿತ್ತಲ ಗೋಡೆ ದಾಟಿತ್ತು. ಒಂದು ವರ್ಷದಲ್ಲಿ ಹೀಗೆ ಮಲಗಿದ್ದೇ ಇಲ್ಲ ಎಂದುಕೊಳ್ಳುತ್ತಾ ತಲೆಯೆತ್ತಿದರು. ಬೀಬಿಜಾನ್ ಕೆಳಗೆ ಬರೀ ಚಾಪೆಯ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು ಬಿದ್ದಿದ್ದಳು. ಬಾಯಿ ಕೊಂಚ ತೆರೆದಿತ್ತು. ಅಲುಗಾಟವಿರಲಿಲ್ಲ. ಸಾಬರು ಜೋಲಿಯ ಅಂಚು ಹಿಡಿದು ಏಳಲು ಹೋದರು. “ಬೀಬಿ...” ಎಂದು ಬಾಯಿ ತೆರೆಯುವಷ್ಟರಲ್ಲಿ ಕರಿಯವ್ವ ಎದ್ದು ಬಂದು ಅವರ ತೋಳು ಹಿಡಿದಳು.

“ಕೂಗಬ್ಯಾಡ” ಎಂದು ಪಿಸುಗುಟ್ಟಿದಳು. “ಮಲಗ್ಯಾಳ. ನೀ ಗೊರಕಿ ಹೊಡಿಯಾಕ ಹತ್ತಿದ್ದೇ ತಡ, ‘ಈಗ ಕೇಳೋರಿಲ್ಲ ಕರಿಯವ್ವ, ಒಂದೀಟು ಮಲಗ್ತೀನಿ’ ಅಂದ್ಲು, ಅಲ್ಲೇ ಉರುಳಿದ್ಲು.”

“ಏನು ಕೇಳೋರು?”

“ನಿದ್ದೆ ಬಂತಾ ಅಂತ! ದಿನಾ ಕೇಳ್ತಿಯಂತೆ. ಹೂಂ ಅನ್ಲಿಲ್ಲಾಂದ್ರೆ ದೀಪ ಹಾಕಿ ಮೂಗಿನ ಹತ್ರ ಕೈ ಹಿಡಿತಿಯಂತೆ. ಅದಕ್ಕೇ ನೀ ಕೇಳಿದಾಗ ಹೂಂ ಅನ್ನಾಕ ಎಚ್ಚರ ಇರ್ತಾಳ.”

ಸಾಬರು ಜೋಲಿಯಿಂದ ಕಾಲು ಇಳಿಸಿ ಹಾಗೇ ಕೂತರು. ನಿದ್ದೆ ಹಂಚುವ ಗಾದಿ ಸಾಬರು! ಅವಳ ನಿದ್ದೆಯನ್ನು ತಿಂದವರು ಅವರೇ. “ನನಗ್ಯಾಕ ಹೇಳಲಿಲ್ಲ ಆಕಿ?”

“ಹೇಳಿದ್ರೆ ನೀ ಕೇಳೋದು ಬಿಟ್ಟು, ಕತ್ತಲಾಗ ಒಬ್ನೇ ಹೆದರ್ಕೊಂಡು ಕೂಡ್ತಿ ಅಂತ.”

ಸಾಬರಿಗೆ ಅಳು ತಡೆಯಲಾಗಲಿಲ್ಲ. ಸದ್ದಾಗದಂತೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ನಿದ್ದೆ ಬಂತಾ ಎಂದು ಅವರು ಯಾವತ್ತೂ ನಿದ್ದೆಯ ಸಲುವಾಗಿ ಕೇಳಿರಲೇ ಇಲ್ಲ. ಬದುಕಿದ್ದೀಯಾ ಎಂದು ಕೇಳುತ್ತಿದ್ದರು. “ಅವತ್ತು ನಾ ಪಕ್ಕದಾಗೇ ಇದ್ದೆ ಕರಿಯವ್ವ. ಆಕಿ ಉಸಿರಿಗೆ ಒದ್ದಾಡ್ತಿದ್ರೆ ನಾ ಮಲಗಿದ್ದೆ.”

ಕರಿಯವ್ವ ಅವರ ತೋಳು ಬಿಟ್ಟು ಕೆಳಗೆ ಕೂತಳು. “ನಿನ್ನ ಗೆಳೆಯ ಹೋದಾಗ ನಾ ಮಲಗಿರಲಿಲ್ಲಣ್ಣ” ಅಂದಳು. “ಎಚ್ಚರ ಇದ್ದೆ. ಕೈ ಹಿಡ್ಕೊಂಡೇ ಕುಂತಿದ್ದೆ. ಆದ್ರೂ ಹೋದ.”

ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರ್ ಎಂದಿತು. ಸಾಬರು ಅದನ್ನು ಎದೆಗೊತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲ ಆಚೆಗೆ ಓಡಿದರು. ಅಮ್ಜದ್ ಮಾತಾಡುತ್ತಿದ್ದ. “ಅಬ್ಬಾ, ಹೊರಡ್ತಾ ಇದೀನಿ. ಅಮ್ಮನ್ನ ರೆಡಿ ಮಾಡ್ರಿ.”

“ಬರಬ್ಯಾಡ.”

“ಯಾಕ? ಏನಾತು? ಅಮ್ಮ ಹೆಂಗದಾಳೆ?” ಮಗನ ದನಿಯಲ್ಲಿ ಗಾಬರಿ ಕೇಳಿದಾಗ ಸಾಬರಿಗೆ ತಮ್ಮ ದನಿಯೇ ಕೇಳಿಸಿದಂತಾಯಿತು.

“ಮಲಗ್ಯಾಳಪ್ಪ. ನಿಮ್ಮಮ್ಮ ಮಲಗ್ಯಾಳ” ಅಂದರು. “ನಾಳೆ ಬಾ. ನಾಳೆನೂ ಫೋನ್ ಮಾಡಿ ಕೇಳಿ ಬಾ.”

ವಾಪಸ್ ಬಂದಾಗ ಕರಿಯವ್ವ ಜೋಲಿಯನ್ನು ಬಿಚ್ಚಿ ಮಡಚಿಟ್ಟು, ಮೊರದ ತುಂಬ ಶೇಂಗಾ ಹಾಕಿಕೊಂಡು ಸುಲಿಯುತ್ತಿದ್ದಳು. ಸಾಬರು ಅವಳೆದುರು ಕೂತರು. ಬೀಬಿಜಾನ್ ಅವರ ಬೆನ್ನ ಹಿಂದೆ, ಕೈಗೆಟುಕುವಷ್ಟು ಹತ್ತಿರದಲ್ಲಿದ್ದಳು. ಒಮ್ಮೆ ತಿರುಗಿ ನೋಡಬೇಕು, ಸೆರಗು ಏರಿಳಿಯುತ್ತಿದೆಯೋ ಇಲ್ಲವೋ ಅಷ್ಟನ್ನೇ ನೋಡಬೇಕು ಎಂದು ಕುತ್ತಿಗೆ ತಾನಾಗಿ ಹೊರಳುತ್ತಿತ್ತು. ಸಾಬರು ಒಂದು ಹಿಡಿ ಶೇಂಗಾ ಎತ್ತಿಕೊಂಡು, ತಿರುಗದೆ, ಒಂದೊಂದೇ ಸುಲಿಯತೊಡಗಿದರು.