ಏನನ್ನೂ ಮರೆಮಾಡದ ಗದಿಗೆಪ್ಪ

ಗದಿಗೆಪ್ಪನವರು ಯಾರ ಬೆನ್ನ ಹಿಂದೆಯೂ ಸದ್ದಿಲ್ಲದೆ ಬಂದು ನಿಂತವರಲ್ಲ. ದನ ಬೆದರದಂತೆ ಹಿಂದಿನಿಂದ ಬರುವವನು ತಾನಿದ್ದೇನೆಂದು ಮೊದಲೇ ತಿಳಿಸಬೇಕೆಂಬ ಕೊಟ್ಟಿಗೆಯ ಶಿಷ್ಟಾಚಾರವನ್ನು ಅವರು ಕೆನಡಾದ ಮಿಸಿಸಾಗದ ಮಾಲಿನಲ್ಲೂ ಕನ್ನಡ ಸಂಘದ ದೀಪಾವಳಿಯಲ್ಲೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಹತ್ತು ಹೆಜ್ಜೆ ದೂರದಲ್ಲೇ "ಹೋ... ಹೋ" ಎಂದು ಮೆಲ್ಲಗೆ ಅನ್ನುತ್ತ, ಅಗಲವಾಗಿ ಕಾಲೂರುತ್ತ, ಮೊಣಕೈ ಸವೆದ ಕಂದು ಕ್ಯಾನ್ವಾಸ್ ಕೋಟಿನಲ್ಲಿ ಅವರು ಸಮೀಪಿಸುವಾಗ ರೇಷ್ಮೆ ಸೀರೆಗಳ ಸಾಲು ತುಸು ಸರಿದು ದಾರಿ ಬಿಡುತ್ತಿತ್ತು. ಆ ಸರಿಯುವಿಕೆಯಲ್ಲಿ ಗೌರವ ಕಡಿಮೆ, ಮೈಲಿಗೆಯ ಅಂಜಿಕೆ ಹೆಚ್ಚು ಎಂಬುದು ಅವರಿಗೂ ಗೊತ್ತಿತ್ತು, ನನಗೂ.

ಸವದತ್ತಿ ಕಡೆಯ ಅವರು ಓಕ್‌ವಿಲ್ಲಿನ ಕಾರು ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದು, ತೊಂಬತ್ತೇಳರಲ್ಲಿ ವಿಟ್ಬಿಯಿಂದ ಉತ್ತರಕ್ಕೆ ಅರ್ಧ ಗಂಟೆಯ ಹಾದಿಯಲ್ಲಿ ಒಂದು ಕಲ್ಲುಗುಡ್ಡದ ಜಮೀನು ಕೊಂಡು, ಮಾಂಸಕ್ಕಾಗಿ ದನ ಸಾಕತೊಡಗಿದರು. ತಾವೂ ತಿನ್ನುತ್ತಿದ್ದರು, ಕೇಳಿದವರಿಗೆ ಮುಚ್ಚಿಡುತ್ತಿರಲಿಲ್ಲ. ಅವರ ಹೆಂಡತಿ ದ್ಯಾಮವ್ವ ಬೇರೆ ಒಲೆ, ಬೇರೆ ಪಾತ್ರೆಯಲ್ಲಿ ರೊಟ್ಟಿ, ಎಣಗಾಯಿ ಮಾಡಿಟ್ಟರೂ ನಮ್ಮವರು "ಈಗಷ್ಟೇ ಊಟ ಆಯ್ತು" ಎಂದುಬಿಡುತ್ತಿದ್ದರು. ಮೈಸೂರಿನ ಸಸ್ಯಾಹಾರಿಯಾದ ನಾನು ಓಕ್‌ವಿಲ್ಲಿನ ನೆರೆಮನೆಯ ಹಳೆಯ ಸಲುಗೆಯಿಂದ ಉಣ್ಣುತ್ತಿದ್ದೆ. ಆದರೂ ಒಮ್ಮೆ ಕೇಳಿಯೇಬಿಟ್ಟೆ: ಸಾಕಿದ ಕೈಯಿಂದಲೇ ಹೇಗೆ ಸಾವಿಗೆ ಕಳಿಸುತ್ತೀರಿ?

"ನೀವು ಮೊಸರು ಉಣ್ತೀರಲ್ರೀ ಸರ," ಅಂದರು. "ಆ ಆಕಳದ ಹೋರಿ ಕರ ಎಲ್ಲಿಗೆ ಹೋತು ಅಂತ ಯಾವಾಗರೆ ಕೇಳೀರೇನು?"

ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ.

ಎರಡು ಸಾವಿರದ ಮೂರರಲ್ಲಿ ದೂರದ ಪಶ್ಚಿಮ ಪ್ರಾಂತವೊಂದರ ಒಂದೇ ಹಸುವಿಗೆ 'ಮ್ಯಾಡ್ ಕೌ' ಎಂಬ ಮಿದುಳಿನ ರೋಗ ಕಂಡದ್ದೇ ನೆಪವಾಗಿ, ಅಮೆರಿಕದ ಗಡಿ ಕೆನಡಾದ ದನಗಳಿಗೆ ಮುಚ್ಚಿತು. ಕೊಳ್ಳುವವರಿಲ್ಲದೆ ನೆರೆಹೊರೆಯ ರೈತರು ಒಬ್ಬೊಬ್ಬರಾಗಿ ಮಂದೆ ಕಳೆದುಕೊಂಡರು. ಗದಿಗೆಪ್ಪನವರಿಗೆ ಉಳಿದದ್ದು ಒಂದೇ ಹಾದಿ: ತಮ್ಮ ಅಂಗಳದಲ್ಲೇ ಪುಟ್ಟ ಅಂಗಡಿ ಹಾಕಿ ಜನರಿಗೆ ನೇರವಾಗಿ ಮಾರುವುದು. ಅದಕ್ಕೆ ಸ್ಥಳೀಯ ಆಡಳಿತ ಸಭೆಯ ಅನುಮತಿ ಬೇಕು. ಅರ್ಜಿ ಹಾಕಿದ ತಿಂಗಳಿಗೆ ವೀಗನ್ ವಿದ್ಯಾರ್ಥಿಗಳ ಗುಂಪೊಂದು ತಕರಾರು ಸಲ್ಲಿಸಿತು. ಅದರ ಮೊದಲ ರುಜು ನನ್ನ ಮಗಳು ಸಂಜನಾಳದು.

ಐದು ವರ್ಷದವಳಾಗಿದ್ದಾಗ ಗದಿಗೆಪ್ಪನವರ ಹೆಗಲೇರಿ ಕೂರುತ್ತಿದ್ದ ಹುಡುಗಿ. ಯೂನಿವರ್ಸಿಟಿಯ ಎರಡನೆಯ ವರ್ಷದಲ್ಲಿ ಹಾಲು, ತುಪ್ಪ, ಜೇನನ್ನೂ ಬಿಟ್ಟಿದ್ದಳು. ನನ್ನ ಮೊಸರಿನ ವಿಷಯದಲ್ಲಿ ಅವಳ ವಾದವೂ ಗದಿಗೆಪ್ಪನವರ ವಾದವೂ ಒಂದೇ ಎಂಬುದು ನನ್ನ ಸಂಕಟ. ವಾರದೊಳಗೆ ಅವರು ನಮ್ಮ ಮನೆಗೆ ಬಂದರು.

"ನೀ ಬರೆದದ್ದು ಓದಿದೆ ತಂಗಿ."

"ಅಂಕಲ್, ಇಟ್ಸ್ ನಾಟ್ ಪರ್ಸನಲ್. ಆದ್ರೆ ಅವಕ್ಕೂ ಬದುಕೋಕೆ ಇಷ್ಟ ಇರತ್ತಲ್ವಾ?"

"ಇರ್ತದ. ಇಲ್ಲ ಅಂದ್ರ ಸುಳ್ಳಾಡಿದಂಗ ಆಗ್ತದ." ಅವರು ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತರು. "ನನ್ನ ಗುಡ್ಡದಾಗ ಸೋಯಾ ಬಿತ್ತಿ ನೋಡೀನಿ, ಬರೇ ಕಲ್ಲ. ಹುಲ್ಲೊಂದ ಬೆಳೀತದ. ಹುಲ್ಲು ನನಗ ಜೀರ್ಣ ಆಗಂಗಿಲ್ಲ, ನಿನಗೂ ಆಗಂಗಿಲ್ಲ, ಆಕಳಕ್ಕ ಆಗ್ತದ. ಅದಕ್ಕ ಸಾಕ್ತೀನಿ, ಅದಕ್ಕ ತಿಂತೀನಿ. ತಪ್ಪು ಅಂತೀಯಾ, ಅನ್ನು. ಆದ್ರ ನೋಡಿ ಅನ್ನು. ಗುರುವಾರ ಎರಡು ಹೋರಿ ಕಸಾಯಿಖಾನಿಗೆ ಒಯ್ತೀನಿ. ಬರ್ತೀಯೇನು?"

ಅವಳು ಹೋದಳು. ಆ ದಿನ ಆಫೀಸಿನಲ್ಲಿ ನನ್ನ ಕೈಗೆ ಕೆಲಸ ಹತ್ತಲಿಲ್ಲ. ಮಗಳು ಕಂಗೆಟ್ಟು ಬಂದಾಳೆಂಬ ಭಯ ಒಂದಾದರೆ, ಅವರನ್ನು ಜನ್ಮಕ್ಕೂ ದ್ವೇಷಿಸಿ ಬಂದಾಳೆಂಬುದು ಅದಕ್ಕಿಂತ ದೊಡ್ಡದು. ಸಂಜೆ ಬಂದವಳು ಬಹಳ ಹೊತ್ತು ಕೈ ತೊಳೆದಳು.

"ಅಪ್ಪ, ಹಿ ಡಿಡಂಟ್ ಲುಕ್ ಅವೇ. ಒಳಗೆ ಕಳಿಸಿ ಟ್ರಕ್ಕಲ್ಲಿ ಕೂತ್ಕೊಳ್ಳಲ್ಲ ಅವರು. ಕೊನೇವರೆಗೂ ತಲೆ ಹತ್ರಾನೇ ನಿಂತಿದ್ರು. ನಾನು ಅತ್ತೆ. ಅವರೂ."

ಆಮೇಲೆ ಸಾರನ್ನ ಕೇಳಿ ಉಂಡಳು, ತುಪ್ಪವಿಲ್ಲದೆ.

ಅಂಗಡಿಯ ಅರ್ಜಿಯ ವಿಚಾರಣೆಯ ದಿನ ಅವಳ ಸರದಿ ಬಂದಾಗ ನಾನು ನೆಲ ನೋಡುತ್ತ ಕುಳಿತಿದ್ದೆ. ಈ ಮಾಂಸವನ್ನು ತಾನೆಂದೂ ತಿನ್ನುವುದಿಲ್ಲ, ಯಾರೂ ತಿನ್ನದ ದಿನ ಬರಲೆಂದೇ ತನ್ನ ಆಸೆ ಎಂದಳು. ಆದರೆ ಈ ಅಂಗಡಿ ಬೇಡವೆಂದರೆ ದನಗಳೇನೂ ಬದುಕುವುದಿಲ್ಲ, ಅವನ್ನು ಬಲ್ಲವರಾರೂ ಪಕ್ಕದಲ್ಲಿಲ್ಲದ ಎಡೆಯಲ್ಲಿ ಸಾಯುತ್ತವೆ, ಆದ್ದರಿಂದ ತನ್ನ ರುಜುವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಿ ಕುಳಿತಳು. ಅವಳ ಗೆಳೆಯರಲ್ಲಿ ಇಬ್ಬರು ಎದ್ದು ಹೊರನಡೆದರು. ಅನುಮತಿ ಸಿಕ್ಕಿತು.

ಗದಿಗೆಪ್ಪನವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುರ್ಚಿಯಲ್ಲೇ ಕುಸಿದರು. "ಉಸಿರು ಬಂತ್ರೀ ಸರ," ಎಂದಷ್ಟೇ ಅಂದರು.

"ಐ ಸ್ಟಿಲ್ ಥಿಂಕ್ ಯು ಆರ್ ರಾಂಗ್, ಅಂಕಲ್," ಎಂದಳು ಸಂಜನಾ.

"ಅನ್ಕೋ ತಂಗಿ, ಅನ್ಕೋ. ಮನೀಗ ಬರೂದು ಬಿಡಬ್ಯಾಡ."

"ಬರ್ತೀನಿ."

ಆ ಒಂದು ಮಾತಿಗೆ ನನ್ನ ಎದೆಯ ಭಾರವೆಲ್ಲ ಇಳಿಯಿತು. ನಮ್ಮಲ್ಲಿ ಬಹಳ ಮಂದಿ ನಿರ್ಮಲರಾಗಿರುವುದು ನೋಡದೆ ಉಳಿದ ಕಾರಣಕ್ಕೆ. ನನ್ನ ಸಾತ್ವಿಕತೆಯೂ ಬಹುಶಃ ಅಷ್ಟೇ. ತಾವು ಉಣ್ಣುವುದರ ಬೆಲೆಯನ್ನು ಯಾವ ಜೀವ ತೆತ್ತಿತೆಂದು ಬಲ್ಲವರು, ಬಲ್ಲೆನೆಂದು ಹೇಳಲು ನಾಚದವರು ವಿರಳ. ಅಂಥವರ ಜೊತೆ ನಾವು ಒಪ್ಪದಿರಬಹುದು, ಜಗಳವನ್ನೂ ಆಡಬಹುದು; ಆದರೆ ಜಗಳವಾಡಿದ ಮೇಲೂ ಅವರ ಮನೆಯ ಬಾಗಿಲು ತೆರೆದೇ ಇರುತ್ತದೆ, ನಾವೂ ತಲೆ ತಗ್ಗಿಸದೆ ಒಳಗೆ ಹೋಗಬಹುದು.