ವಾಲಿದ ಮನೆಯಲ್ಲಿ ಅಜ್ಜಿಯ ಗೋಲಿ

ಒಬ್ಬ ರಾಜನ ಅರಮನೆ ಒಂದು ಪಕ್ಕಕ್ಕೆ ವಾಲಿತ್ತಂತೆ. ಹಾಗೆಂದವರ ತಲೆ ಉಳಿಯುತ್ತಿರಲಿಲ್ಲವಾದ್ದರಿಂದ ಮಂತ್ರಿಗಳೆಲ್ಲ ಕತ್ತು ವಾಲಿಸಿ ನೋಡಿ, "ಆಹಾ, ನೆಟ್ಟಗಿದೆ ಪ್ರಭು" ಎನ್ನುತ್ತಿದ್ದರಂತೆ. ಕೊನೆಗೊಬ್ಬ ಮುದುಕಿ ಬಂದು, ತುಟಿಪಿಟಕ್ಕೆನ್ನದೆ, ನೆಲದ ಮೇಲೊಂದು ಗೋಲಿ ಇಟ್ಟಳಂತೆ. ಕಥೆ ಹೇಳುತ್ತಾ ಇಲ್ಲಿಗೆ ಬಂದಾಗ ನಮ್ಮಜ್ಜಿ ದಿಂಬಿನ ಕೆಳಗಿಂದ ನಿಜವಾದ ಹಸಿರು ಗೋಲಿಯನ್ನೇ ತೆಗೆಯುತ್ತಿದ್ದಳು. ಈಗ ಅದು ನನ್ನ ಕೈಚೀಲದಲ್ಲಿದೆ.

ನನ್ನ ಕೆಲಸವೂ ಹೆಚ್ಚುಕಡಿಮೆ ಆ ಮುದುಕಿಯದೇ. ಬ್ಯಾಂಕಿನವರು ಮನೆಸಾಲ ಕೊಡುವ ಮೊದಲು, ಮನೆ ಎಷ್ಟು ಬೆಲೆ ಬಾಳುತ್ತದೆಂದು ನೋಡಿ ಸಹಿ ಹಾಕುವವಳು ನಾನು. ಮುಂದೆ ಗೋಡೆ ಬಿದ್ದರೆ ಕಟಕಟೆಯಲ್ಲಿ ನಿಲ್ಲಬೇಕಾದವಳೂ ನಾನೇ.

ಅವತ್ತು ನೋಡಲು ಹೋದ ಮನೆಯ ಬಾಗಿಲು ತೆಗೆದವನು ನನ್ನ ಚಿಕ್ಕಪ್ಪ. ಮನೆ ಮಾರಿಸುವ ದಲ್ಲಾಳಿ.

"ಅರೆ, ನೀನೇನಾ! ಇನ್ನೇನು, ಕೆಲಸ ಆದ ಹಾಗೇ. ಬಾ ಪುಟ್ಟಿ, ಎಲ್ಲಾ ನೋಡು. ಆ ಬೀರು ಹಿಂದೆ ಮಾತ್ರ ಏನೂ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಚಿಕ್ಕಪ್ಪ ಕಳ್ಳ ಅನ್ನುವವರೆಗೂ ಕಾಯುವವನಲ್ಲ.

ಬೀರುವಿನ ಸಂದಿಗೆ ಟಾರ್ಚ್ ಬಿಟ್ಟೆ. ನೆಲದಿಂದ ಮೇಲಕ್ಕೆ ಹರಿದ ಬಿರುಕಿನಲ್ಲಿ ನನ್ನ ಹೆಬ್ಬೆರಳು ತೂರುವಂತಿತ್ತು. ಅಡಿಪಾಯವೇ ಕುಸಿಯುತ್ತಿತ್ತು.

"ಚಿಕ್ಕಪ್ಪ, ನೀನು ದಲ್ಲಾಳಿ ಅಂದ್ಮೇಲೆ ನಾನು ಈ ಮನೆ ನೋಡೋ ಹಾಗೇ ಇಲ್ಲ. ನೆಂಟರಿದ್ರೆ ಬ್ಯಾಂಕಿಗೆ ಹೇಳಿ ಹಿಂದೆ ಸರೀಬೇಕು."

"ಧಾರಾಳವಾಗಿ ಸರಿ! ಕುರ್ಚಿಮಾವನ್ನ ಕಳಿಸ್ತಾರೆ."

ಕುರ್ಚಿಮಾವ ಅನ್ನುವುದು ನಮ್ಮ ಕಸುಬಿನ ಹಿರಿಯರೊಬ್ಬರ ಅಡ್ಡಹೆಸರು. ಕುರ್ಚಿ ಬಿಟ್ಟೇಳದೆ ಊರಿನ ಮನೆಗಳನ್ನೆಲ್ಲ ನೋಡಿಬಿಡುವ ದಿವ್ಯದೃಷ್ಟಿ ಅವರದು. ನಾನು ಉಳಿದರೆ ನಿಯಮ ಮುರಿದಂತೆ. ಸರಿದರೆ ಕೊಳ್ಳುವವರ ತಲೆಯ ಮೇಲೆ ಗೋಡೆ. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಕೊಳ್ಳುವವರೇ ಬಂದರು. ಆಸ್ಪತ್ರೆಯ ನರ್ಸ್, ತುಂಬು ಬಸುರಿ. ಹಿಂದೆ ಅಳತೆಯ ಟೇಪು ಹಿಡಿದ ಗಂಡ.

"ರೀ, ತೊಟ್ಟಿಲು ಇಲ್ಲಿಟ್ರೆ ಹೇಗೆ?" ಎಂದು ಆಕೆ ಬೀರುವಿನ ಪಕ್ಕದಲ್ಲೇ ನಿಂತು ಕೇಳಿದಳು. ಆಮೇಲೆ ನನ್ನತ್ತ ತಿರುಗಿ, "ಮೇಡಂ, ಮನೆ ಗಟ್ಟಿ ಇದೆ ತಾನೆ?"

ನಾನು ಕಂಡದ್ದು ಬ್ಯಾಂಕಿಗೆ ಮಾತ್ರ. ಬೇರೆಯವರೆದುರು ಬಾಯಿ ಬಿಡುವಂತಿಲ್ಲ. ಅದು ಗೊತ್ತಿದ್ದ ಚಿಕ್ಕಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದ. ಆದರೆ ಗೋಲಿ ಬಾಯಿ ಬಿಡಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.

ಚೀಲಕ್ಕೆ ಕೈ ಹಾಕಿದೆ. ಹಸಿರು ಕಂಡದ್ದೇ ಚಿಕ್ಕಪ್ಪನ ನಗು ಇಂಗಿತು. ಅಜ್ಜಿ ಅವನ ಹೆತ್ತ ತಾಯಿ. ಆ ಕಥೆಯನ್ನು ನನಗಿಂತ ಮೊದಲು ಕೇಳಿದವನು ಅವನು.

"ಪುಟ್ಟಿ, ಬೇಡ."

ಇಟ್ಟೆ. ಗೋಲಿ ಒಂದು ಗಳಿಗೆ ಯೋಚಿಸಿತು. ಆಮೇಲೆ ತವರಿಗೆ ಹೊರಟ ಮಗಳ ಹಾಗೆ ಓಡಿ, ಬೀರುವಿನಡಿ ನುಗ್ಗಿತು.

"ಅಯ್ಯೋ, ತೊಟ್ಟಿಲು ತೂಗೋ ಕೆಲಸವೇ ಇಲ್ಲ ಬಿಡಿ!" ಎಂದು ನಕ್ಕ ನರ್ಸ್ ನಗುವನ್ನು ಅರ್ಧಕ್ಕೇ ನಿಲ್ಲಿಸಿದಳು. "ರೀ, ಆ ಬೀರು ಸರಿಸಿ. ಮೇಡಂಗೆ ಗೋಲಿ ತೆಕ್ಕೊಡ್ಬೇಕು."

ಬೀರು ಸರಿಯಿತು. ಗೋಲಿಯೂ ಸಿಕ್ಕಿತು, ಬಿರುಕೂ ಸಿಕ್ಕಿತು. ಗಂಡ ಟೇಪು ಸುತ್ತಿ ಜೇಬಿಗಿಟ್ಟ. ನರ್ಸ್ ಗೋಲಿಯನ್ನು ಒರೆಸಿ ನನ್ನ ಅಂಗೈಗೆ ಹಾಕಿದಳು. ಕೈಯನ್ನು ಮಾತ್ರ ಸ್ವಲ್ಪ ಹೊತ್ತು ಬಿಡಲಿಲ್ಲ.

ಅವರು ಹೋದ ಮೇಲೆ ಚಿಕ್ಕಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. "ಸತ್ತ ಮೇಲೂ ಅಮ್ಮ ನನ್ನ ಕಿವಿ ಹಿಂಡೋದು ಬಿಡ್ಲಿಲ್ಲ ನೋಡು."

"ಕೋಪಾನಾ?"

"ಇರಲ್ವಾ ಮತ್ತೆ? ನಿನ್ನ ಮಾತಾಡ್ಸೋದೇ ಇಲ್ಲ." ಎದ್ದು ಬೀಗ ತೆಗೆದುಕೊಂಡ. "ನಡಿ, ಬಸ್ ಸ್ಟಾಪಿನವರೆಗೂ ಬಿಡ್ತೀನಿ."

ಸಂಜೆಯೇ ಬ್ಯಾಂಕಿಗೆ ಎಲ್ಲವನ್ನೂ ಬರೆದೆ: ದಲ್ಲಾಳಿ ನನ್ನ ಚಿಕ್ಕಪ್ಪ, ಹಾಗಾಗಿ ನಾನು ಸಹಿ ಹಾಕುವುದಿಲ್ಲ, ಮುಂದೆ ಬರುವವರು ಬೀರು ಸರಿಸಿ ನೋಡಲಿ, ಕೊಳ್ಳುವವರೆದುರು ಗೋಲಿ ಉರುಳಿಸಿದ್ದೂ ನಾನೇ. ಇನ್ನೊಮ್ಮೆ ಗೋಲಿಯಾಡಿದರೆ ಮನೆಗೆ ಹೋಗಬೇಕಾದೀತು ಎಂದು ಮ್ಯಾನೇಜರು ಗದರಿದರು.

ಬೀರು ಸರಿಸಬೇಕಾದರೆ ಮೊದಲು ಕುರ್ಚಿಯಿಂದ ಏಳಬೇಕಲ್ಲ! ಕುರ್ಚಿಮಾವ 'ಮನೆ ನೆಟ್ಟಗಿದೆ' ಎಂದು ಬರೆದು ಸಹಿ ಹಾಕಿ ಕಳಿಸಿದರು. ಸಾಲವೂ ಮಂಜೂರಾಯಿತು. ತೆಗೆದುಕೊಳ್ಳಲು ನರ್ಸ್ ಹೋಗಲೇ ಇಲ್ಲ.

ಆ ಸಹಿಯನ್ನು ನಾನೂ ನೋಡಿದೆ. ಒಂದು ಪಕ್ಕಕ್ಕೆ ವಾಲಿತ್ತು.