ಒಪ್ಪತ್ತಿನ ಚೀಟಿ

“ಹೊಟ್ಟೆಗೆ ಪಿನ್ನು ಹೊಡಿಯುದಾ? ಅದೆಂತ ಹೊಟ್ಟೆಯಾ, ಆಫೀಸಿನ ಫೈಲಾ?”

ಡಾಕ್ಟರ್ ಸರ್ವೋತ್ತಮ ಕಿಣಿಯವರ ದನಿ ಪರದೆ ದಾಟಿ ಹೊರಗಿನ ಬೆಂಚಿನವರೆಗೂ ಹೋಯಿತು. ಅಲ್ಲಿ ಕೆಮ್ಮುತ್ತಿದ್ದವರೊಬ್ಬರು ಕೆಮ್ಮುವುದನ್ನೇ ಮರೆತರು. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಆ ದವಾಖಾನೆಯಲ್ಲಿ ಡಾಕ್ಟರರು ಬೈಯುವುದು ಹೊಸದೇನಲ್ಲ. ಬೈಸಿಕೊಳ್ಳದೆ ಹೋದ ದಿನ ಔಷಧ ಹತ್ತುವುದಿಲ್ಲ ಎಂದು ನಂಬಿದ ರೋಗಿಗಳೂ ಇದ್ದರು. ಆದರೆ ಇವತ್ತಿನ ದನಿಯಲ್ಲಿ ಸಿಟ್ಟಿನ ಜೊತೆಗೆ ಇನ್ನೇನೋ ಇತ್ತು.

ಎದುರಿಗೆ ಸ್ವರ್ಣಲತಾ ಕುಳಿತಿದ್ದಳು. ಕುಳಿತಿದ್ದಳು ಎನ್ನುವುದಕ್ಕಿಂತ ಎರಡು ಸ್ಟೂಲುಗಳನ್ನು ಜೋಡಿಸಿಕೊಂಡು ನೆಲೆಸಿದ್ದಳು ಎನ್ನಬೇಕು. ಮೂವತ್ತೊಂಬತ್ತು ವರ್ಷ, ನೂರ ಹದಿನೆಂಟು ಕಿಲೋ. ಗಂಡ ಲೀಲಾಧರ ಎಂಐಡಿಸಿ ಕೈಗಾರಿಕಾ ವಲಯದ ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಇವಳು ಮನೆಯಲ್ಲೇ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ತನ್ನ ರವಿಕೆಯ ಅಳತೆ ತೆಗೆಯಲು ಎರಡು ಟೇಪು ಬೇಕೆಂದು ತಾನೇ ಹೇಳಿ ತಾನೇ ಮೊದಲು ನಗುವವಳು. ಹಾಗೆ ನಗುವವಳಿಗೆ ಎರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಮೂರನೇ ಮಾಳಿಗೆಯ ಮನೆಯಿಂದ ಕೆಳಗಿಳಿಯುವುದು ವಾರಕ್ಕೊಮ್ಮೆ ಆಗಿಬಿಟ್ಟಿತ್ತು.

“ಬೈದು ಆಯ್ತಾ ಡಾಕ್ಟ್ರೇ? ಆಗಿದ್ರೆ ಚೀಟಿ ಬರ್ದು ಕೊಡಿ,” ಎಂದಳು.

ಚೀಟಿ ಕೇಳಿದ್ದು ಪಕ್ಕದ ಠಾಣೆ ಊರಿನ ಆಸ್ಪತ್ರೆಯ ಡಾಕ್ಟರ್ ಮುರಾರಿ. ಅಮೆರಿಕದಲ್ಲಿ ಕಲಿತು ಬಂದ ಹುಡುಗುಮುಖದ ಸರ್ಜನ್. ತೂಕ ಇಳಿಸಲು ಜಠರದ ಮೇಲ್ಭಾಗಕ್ಕೆ ಸಾಲಾಗಿ ಪಿನ್ನು ಹೊಡೆದು, ಲಿಂಬೆಹಣ್ಣಿನಷ್ಟು ಜಾಗ ಮಾತ್ರ ಉಳಿಸಿ, ಉಂಡದ್ದೆಲ್ಲ ಆ ಸಣ್ಣ ಚೀಲದೊಳಗೇ ಹಿಡಿಯುವಂತೆ ಮಾಡುತ್ತಾರಂತೆ. ಎಂಬತ್ತಾರನೇ ಇಸವಿಯಲ್ಲಿ ಇಂಥ ಮಾತನ್ನು ಕೇಳಿದವರೇ ಕಡಿಮೆ. ಸ್ವರ್ಣಲತಾ ತಂದು ಮೇಜಿನ ಮೇಲಿಟ್ಟ ಕಾಗದದಲ್ಲಿ ಮುರಾರಿ ಮೂರು ಪ್ರಶ್ನೆ ಕೇಳಿದ್ದರು. ನೀವು ಎಷ್ಟು ವರ್ಷದಿಂದ ಇವರನ್ನು ನೋಡುತ್ತಿದ್ದೀರಿ? ಏನೇನು ಪ್ರಯತ್ನ ಮಾಡಿದಿರಿ? ಅದು ಯಾಕೆ ಫಲಿಸಲಿಲ್ಲ? ಉತ್ತರ ಗುರುವಾರದೊಳಗೆ ಮುಟ್ಟದಿದ್ದರೆ ಈ ಸಲದ ಪಟ್ಟಿಯಿಂದ ಸ್ವರ್ಣಲತಾಳ ಹೆಸರು ಬಿಟ್ಟುಹೋಗುತ್ತದೆ, ಮುಂದಿನ ಪಟ್ಟಿ ಯಾವಾಗಲೋ ದೇವರೇ ಬಲ್ಲ.

ಕಿಣಿಯವರಿಗೆ ಚುಚ್ಚಿದ್ದು ಆ ಮೂರನೆಯ ಪ್ರಶ್ನೆ.

“ಗೆಡ್ಡೆ ಇದ್ರೆ ಕೊಯ್ಲಿ, ಕಲ್ಲಿದ್ರೆ ಕೊಯ್ಲಿ. ಸರಿ ಇದ್ದ ಹೊಟ್ಟೆ ಕೊಯ್ಲಿಕ್ಕೆ ನಾನು ಚೀಟಿ ಕೊಡುದಾ?”

“ಸರಿ ಇದ್ದಿದ್ರೆ ನಾನು ಹನ್ನೊಂದು ವರ್ಷ ನಿಮ್ಮತ್ರ ಯಾಕೆ ಬರ್ತಿದ್ದೆ ಡಾಕ್ಟ್ರೇ?”

ಡಾಕ್ಟರರು ಕನ್ನಡಕ ಒರೆಸಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆ. ಕಲಿಯುವ ಕಾಲದಲ್ಲಿ ಇಷ್ಟೇ ತೂಕದ ಒಬ್ಬ ಹೆಂಗಸು ಆಪರೇಷನ್ ಮೇಜಿನ ಮೇಲೆ ಅರಿವಳಿಕೆಯ ಮತ್ತು ಇಳಿಯದೆ ತೀರಿಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಈ ಹೆಂಗಸೋ, ದೀಪಾವಳಿಗೆ ಗಂಡನ ಕೈಯಲ್ಲಿ ಡಬ್ಬಿ ತುಂಬ ಚಕ್ಕುಲಿ ಕಳಿಸುವವಳು, ಡಾಕ್ಟರರ ಹೆಂಡತಿ ಸುಗುಣಾಳ ರವಿಕೆಗಳನ್ನು ತಾನೇ ಹೊಲಿದುಕೊಡುವವಳು. ಅವಳನ್ನು ಮೇಜಿನ ಮೇಲೆ ಮಲಗಿಸುವ ಕಾಗದಕ್ಕೆ ಸಹಿ ಹಾಕಲು ಕೈ ಬರಲಿಲ್ಲ. ಹೆದರಿಕೆಯನ್ನು ಒಪ್ಪಿಕೊಳ್ಳುವುದಕ್ಕಿಂತ ರೇಗುವುದು ಸುಲಭ.

“ಸೈದಪ್ಪಾ, ಇವರ ಪೇಪರ್ ತಾ.”

ಕಂಪೌಂಡರ್ ಸೈದಪ್ಪ ದಾರ ಕಟ್ಟಿದ ದಪ್ಪ ಕಟ್ಟೊಂದನ್ನು ತಂದಿಟ್ಟ. ಬಿಜಾಪುರದ ಕಡೆಯವನು, ಇಲ್ಲಿಯೇ ಬಾಟಲಿಗೆ ಕಾಗದದ ಪಟ್ಟಿ ಅಂಟಿಸುತ್ತ ತಲೆ ಬೆಳ್ಳಗಾಗಿಸಿಕೊಂಡವನು. ಡಾಕ್ಟರರು ಒಂದೊಂದೇ ಹಾಳೆ ಮಗುಚಿ ಬೆರಳಿಟ್ಟು ತೋರಿಸಿದರು.

“ನೋಡಿ. ಎಪ್ಪತ್ತೈದರಲ್ಲಿ ಬರ್ದಿದ್ದೇನೆ, ರಾತ್ರಿ ಊಟ ಬಿಡಬೇಕು, ಒಪ್ಪತ್ತು ಮಾಡಬೇಕು. ಎಪ್ಪತ್ತೇಳು, ಒಪ್ಪತ್ತು. ಎಂಬತ್ತರಲ್ಲಿ ಅಡಿಗೆರೆ ಎಳ್ದು ಬರ್ದಿದ್ದೇನೆ. ಮಾಡಿದ್ರಾ ನೀವು? ಮಾಡಿದ್ದೇನೆ ಮಾಡಿದ್ದೇನೆ ಅಂತ ನನ್ನೆದುರು ಹನ್ನೊಂದು ವರ್ಷ ಸುಳ್ಳು ಹೇಳಿದ್ರಿ. ಈಗ ಯಾಕೆ ಫಲಿಸ್ಲಿಲ್ಲ ಅಂತ ಅವ ನನ್ನ ಕೇಳ್ತಾನೆ!”

ಸ್ವರ್ಣಲತಾಳ ಮುಖದಿಂದ ನಗು ಇಳಿಯಿತು. ದಪ್ಪ ಎಂದರೆ ಅವಳಿಗೆ ಬೇಜಾರಿಲ್ಲ, ಎಷ್ಟೋ ಜನ ಅಂದಿದ್ದಾರೆ. ಸುಳ್ಳಿ ಎಂದು ಯಾರೂ ಅಂದಿರಲಿಲ್ಲ.

“ಡಾಕ್ಟ್ರೇ, ಮಹಾಲಿಂಗೇಶ್ವರನ ಆಣೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ರಾತ್ರಿಯೂ ನಾನು ಅನ್ನ ಮುಟ್ಲಿಲ್ಲ. ನನ್ನ ತಂಗಿಯ ಮದುವೆ ದಿನ ಸಹ ಮುಟ್ಲಿಲ್ಲ. ಬೇಕಾದ್ರೆ ನಮ್ಮ ಮನೆಯವರನ್ನು ಕೇಳಿ.”

“ಮತ್ತೆ ರಾತ್ರಿ ಎಂತ ತಿಂದದ್ದು?”

“ಎಂತ ಅಂದ್ರೆ? ಎಲ್ಲರೂ ಒಪ್ಪತ್ತಿಗೆ ತಿನ್ನುದೇ. ಫಲಾಹಾರ. ನಾಲ್ಕು ದೋಸೆ, ಇಲ್ಲದಿದ್ರೆ ಉಪ್ಪಿಟ್ಟು. ಅವಲಕ್ಕಿ ಒಂದು ಬೋಗುಣಿ. ಒಮ್ಮೊಮ್ಮೆ ಗೋಳಿಬಜೆ.”

ಬಾಗಿಲ ಬಳಿ ನಿಂತಿದ್ದ ಸೈದಪ್ಪನಿಗೆ ತಡೆಯಲಾಗಲಿಲ್ಲ. “ಬಾಯಾರ, ನಮ್ಮ ಕಡೆ ಒಪ್ಪತ್ತಂದ್ರ ಒಂದ ಹೊತ್ತು ಉಣ್ಣೂದು, ಇನ್ನೊಂದ ಹೊತ್ತು ನೀರು ಕುಡದು ಮಕ್ಕೊಳ್ಳೂದ್ರಿ. ನಾಕು ದ್ವಾಸಿ ತಿಂದ್ರ ಅದು ಊಟ ಅಲ್ಲೇನ್ರಿ?”

“ಅನ್ನ ಇಲ್ಲದಿದ್ರೆ ಅದು ಊಟ ಹೇಗಾಗ್ತದೆ ಮಾರಾಯಾ?”

ಹಾಗೆಂದದ್ದು ಸ್ವರ್ಣಲತಾ. ಅದೇ ಉಸಿರಿಗೆ, ಅದೇ ಮಾತನ್ನು, ಅದೇ ರಾಗದಲ್ಲಿ ಅಂದವರು ಡಾಕ್ಟರ್ ಸರ್ವೋತ್ತಮ ಕಿಣಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯಲ್ಲಿ ಒಬ್ಬರದು ತುಳು, ಇನ್ನೊಬ್ಬರದು ಕೊಂಕಣಿ. ಆದರೆ ಘಟ್ಟದ ಕೆಳಗಿನ ಕರಾವಳಿಯ ಹೊಟ್ಟೆ ಇಬ್ಬರದೂ ಒಂದೇ. ಅಲ್ಲಿ ಅನ್ನ ಬಿದ್ದರೆ ಮಾತ್ರ ಊಟ, ಮಿಕ್ಕಿದ್ದೆಲ್ಲ ಬಾಯಾಡಿಸುವುದು. ಹೋದ ಶನಿವಾರ ರಾತ್ರಿ ತಾವೇ ಭಕ್ತಿಯಿಂದ ಒಪ್ಪತ್ತು ಆಚರಿಸಿದ್ದು ಡಾಕ್ಟರರಿಗೆ ನೆನಪಾಯಿತು. ಸುಗುಣಾ ತುಪ್ಪ ಹಾಕಿ ಮಾಡಿದ ಉಪ್ಪಿಟ್ಟು ಎರಡು ತಟ್ಟೆ, ಮೇಲೆ ಮೂರು ಬನ್ಸು. ತಿಂದು ಕೈ ತೊಳೆಯುವಾಗ, ಇವತ್ತು ಊಟ ಇಲ್ಲವಲ್ಲ, ಹೊಟ್ಟೆ ಎಷ್ಟು ಹಗುರ ಎಂದು ಅವರು ಹೆಂಡತಿಗೆ ಹೇಳಿದ್ದೂ ಉಂಟು.

ಮೊದಲು ಅವರ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಡಾಕ್ಟರರು ಮೇಜಿಗೆ ತಲೆ ಒರಗಿಸಿ ನಕ್ಕರು. ಸ್ವರ್ಣಲತಾಳಿಗೂ ಬಂತು, ಎರಡೂ ಸ್ಟೂಲು ಕಿರುಗುಟ್ಟಿದವು. ಪರದೆಯಾಚೆ ಬೆಂಚಿನವರಿಗೆ ಏನೂ ತಿಳಿಯದಿದ್ದರೂ ಅವರೂ ನಗತೊಡಗಿದರು. ಸೈದಪ್ಪ ಮಾತ್ರ, ತಾನು ಕೇಳಿದ್ದರಲ್ಲಿ ತಪ್ಪೇನು ಎಂದು ಗಂಭೀರವಾಗಿ ನಿಂತಿದ್ದ.

ನಗು ಇಳಿದ ಮೇಲೆ ಡಾಕ್ಟರರು ಹಾಳೆಗಳನ್ನು ಮತ್ತೆ ಮಗುಚಿದರು. ಪ್ರತಿ ಪುಟದ ಅಂಚಿನಲ್ಲೂ ಅವರದೇ ಕೈಬರಹ: ರೋಗಿ ಮಾತು ಕೇಳುವುದಿಲ್ಲ. ರೋಗಿ ಸುಳ್ಳು ಹೇಳುತ್ತಾರೆ. ಒಂದೆರಡು ಕಡೆಯಲ್ಲ, ಹನ್ನೊಂದು ವರ್ಷದ ಉದ್ದಕ್ಕೂ. ಒಂದು ದಿನವಾದರೂ ತಟ್ಟೆಯಲ್ಲಿ ಏನಿತ್ತು ಎಂದು ಕೇಳಿರಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಆಸೆಯೂ ಚಿಗುರಿತು.

“ಹಾಗಾದ್ರೆ ಕೊಯ್ಯುದೇ ಬೇಡ! ತಪ್ಪು ಸಿಕ್ಕಿತಲ್ಲ. ಇನ್ನು ಆರು ತಿಂಗಳು ನಾನೇ ಅಳೆದು ತೂಗಿ…”

“ಅದೂ ಆಗಿದೆ ಡಾಕ್ಟ್ರೇ,” ಎಂದಳು ಸ್ವರ್ಣಲತಾ ಮೆಲ್ಲಗೆ. “ಠಾಣೆಯಲ್ಲಿ ಊಟದ ಲೆಕ್ಕ ಕೇಳುವ ಒಬ್ಬರು ಹೆಂಗಸು ಇದ್ದಾರೆ, ಮರಾಠಿಯವರು. ಅವರು ತಟ್ಟೆ ತಟ್ಟೆ ಕೇಳಿದಾಗ್ಲೇ ನನಗೆ ಈ ಒಪ್ಪತ್ತಿನ ಕತೆ ಗೊತ್ತಾದದ್ದು. ಗೊತ್ತಾದ್ರೂ ಬಾಯಿಗೆ ಈಗ ಸಹ ಹಳೇ ಮಾತೇ ಬರ್ತದೆ. ಆಮೇಲೆ ಹತ್ತು ತಿಂಗಳು ತಕ್ಕಡಿಯಲ್ಲಿಟ್ಟು ತಿಂದೆ. ಹದಿನಾಲ್ಕು ಕಿಲೋ ಇಳೀತು. ಆಮೇಲೆ ಅದೇ ತಕ್ಕಡಿ, ಅದೇ ಊಟ, ತೂಕ ಮಾತ್ರ ತಿರುಗಿ ಹತ್ತಿತು. ಕೆಲವರ ಮೈ ಹಾಗೇ ಅಂತೆ, ಬಿಟ್ಟು ಕೊಡುದಿಲ್ಲ.”

“ನನ್ನತ್ರ ಯಾಕೆ ಹೇಳ್ಲಿಲ್ಲ?”

“ಹೇಗೆ ಹೇಳುದು? ನಿಮಗೆ ಬೇಜಾರಾದ್ರೆ? ಇವತ್ತು ಸುಳ್ಳಿ ಅಂದ್ರಿ, ಅದಕ್ಕೆ ಬಾಯಿಬಿಟ್ಟೆ.”

ಡಾಕ್ಟರರು ಹಾಳೆಗಳನ್ನು ಒಟ್ಟುಮಾಡಿ ದಾರ ಕಟ್ಟಿದರು. ಹೊರಗಿನ ಕೆಮ್ಮು ಮತ್ತೆ ಶುರುವಾಗಿತ್ತು.

“ನನಗೆ ಹೆದರಿಕೆ ಸ್ವರ್ಣಲತಾ,” ಎಂದರು ಕೊನೆಗೆ. “ಮತ್ತಿನಿಂದ ಏಳದಿದ್ರೆ?”

“ನನಗಿಲ್ವಾ ಹೆದರಿಕೆ? ಆದ್ರೆ ಈಗ ಸಹ ದಿನಾ ರಾತ್ರಿ ಅದೇ ಹೆದರಿಕೆಯಲ್ಲೇ ಮಲಗುದು. ನಮ್ಮ ಮನೆಯವರು ನನ್ನ ಮೂಗಿನ ಹತ್ರ ಕೈ ಇಟ್ಟು ನೋಡ್ತಾರೆ, ಪಾಪ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಒಮ್ಮೆ ಹೆದರಿ ಮುಗಿಸುವ ಅಂತ.”

ಡಾಕ್ಟರರು ಪೆನ್ನು ತೆಗೆದರು. ಮೊದಲು ಬರೆದದ್ದನ್ನು ಹರಿದರು, ಎರಡನೆಯದನ್ನೂ ಹರಿದರು. ಮೂರನೆಯದನ್ನು ಮಡಚಿ ಅವಳ ಕೈಗೆ ಕೊಟ್ಟು, “ಓದ್ಬೇಡಿ,” ಎಂದರು. ಅವಳು ಅಲ್ಲೇ ಬಿಚ್ಚಿ ಓದಿದಳು. ಇಂಗ್ಲಿಷು ಪೂರ್ತಿ ಬಾರದಿದ್ದರೂ ಅರ್ಥವಾಗುವಷ್ಟು ಸುಲಭವಾಗಿತ್ತು. ಈ ರೋಗಿ ಹನ್ನೊಂದು ವರ್ಷ ನಾನು ಹೇಳಿದ ಪ್ರತಿಯೊಂದು ಮಾತನ್ನೂ ಪಾಲಿಸಿದ್ದಾರೆ. ತಪ್ಪು ನನ್ನ ಮಾತಿನದು. ಇವರು ಏನು ಹೇಳಿದರೂ ನಂಬಿ.

ಓದಿ ಮುಗಿಸಿ ಅವಳು ಕೈ ಮುಗಿದಳು. ಡಾಕ್ಟರರು ಸೈದಪ್ಪನ ಮೇಲೆ ಸುಮ್ಮಸುಮ್ಮನೆ ರೇಗಿದರು.

ಆಪರೇಷನ್ ದಿನ ಕಿಣಿಯವರು ದವಾಖಾನೆಗೆ ಬೀಗ ಹಾಕಿ, ಲೀಲಾಧರನೊಂದಿಗೆ ಗಾಡಿ ಹತ್ತಿ ಠಾಣೆಗೆ ಹೋದರು. ಆಸ್ಪತ್ರೆಯಲ್ಲಿ ಮುರಾರಿ ಕಿಣಿಯವರ ಕಾಲು ಮುಟ್ಟಿ ನಮಸ್ಕರಿಸಿ, “ಇಂಥ ಚೀಟಿ ನಂಗೆ ಇದುವರೆಗೂ ಯಾರೂ ಬರೆದಿಲ್ಲ ಸಾರ್,” ಎಂದರು. ಬೆಂಗಳೂರಿನ ಕನ್ನಡ. “ಒಬ್ರು ಅವ್ರ ಪೇಷಂಟ್ ಬಗ್ಗೆ ಬರೆದಿದ್ರು, ಈಕೆಗೆ ಆಪರೇಷನ್ ಬೇಡ, ಬಾಯಿಗೆ ಬೀಗ ಹಾಕಿದ್ರೆ ಸಾಕು ಅಂತ. ಇನ್ನೊಬ್ರು ಫೋನ್‌ನಲ್ಲೇ ನಕ್ಕುಬಿಟ್ರು.”

“ನಾನು ಸಹ ಅದನ್ನೇ ಬರೀಲಿಕ್ಕಿದ್ದೆ. ಸ್ವಲ್ಪದರಲ್ಲಿ ತಪ್ಪಿತು,” ಎಂದರು ಕಿಣಿ.

ಒಳಗೆ ಬರಲು ಮುರಾರಿ ಕರೆದರು. ಮೂವತ್ತು ವರ್ಷಗಳ ಮೇಲೆ ಕಿಣಿಯವರು ಹಸಿರು ಬಟ್ಟೆ ತೊಟ್ಟು ಸ್ವರ್ಣಲತಾಳ ತಲೆಯ ಬಳಿ ನಿಂತರು. ಕತ್ತರಿಸುವುದನ್ನು ಅವರು ನೋಡಲಿಲ್ಲ. ಎರಡೂವರೆ ಗಂಟೆ ಅವಳ ನಾಡಿಯ ಮೇಲೇ ಬೆರಳಿಟ್ಟಿದ್ದರು. ಅರಿವಳಿಕೆಯ ಮತ್ತು ಇಳಿಯತೊಡಗಿ ಅವಳ ರೆಪ್ಪೆ ಅದುರಿದಾಗ, “ಸ್ವರ್ಣಲತಾ, ಏಳಿ ಮಾರಾಯ್ರೆ,” ಎಂದು ಕೂಗಿದ್ದು ದವಾಖಾನೆಯ ಅದೇ ದೊಡ್ಡ ದನಿ. ಅವಳು ಕಣ್ಣು ಬಿಡದೆಯೇ ಹುಬ್ಬು ಗಂಟಿಕ್ಕಿದಳು. ಆ ಸಿಡುಕು ಕಂಡು ಕಿಣಿಯವರಿಗೆ ಆದ ಸಂತೋಷಕ್ಕೆ ಅಳತೆಯಿರಲಿಲ್ಲ. ಹೊರಗೆ ಬಂದು ಲೀಲಾಧರನನ್ನು ತಬ್ಬಿಕೊಂಡುಬಿಟ್ಟರು. ಇಬ್ಬರೂ ಅತ್ತರು.

ನಾಲ್ಕನೆಯ ದಿನ ಬಾಯಿಗೆ ಏನಾದರೂ ಕೊಡಬಹುದು ಎಂದಾಯಿತು. ಸುಗುಣಾ ನಸುಕಿನಲ್ಲೆದ್ದು ಕುಚ್ಚಿಗೆ ಅಕ್ಕಿಯ ಗಂಜಿ ಮಾಡಿ, ತಿಳಿ ಬಸಿದು, ಉಪ್ಪು ಹಾಕಿ ಕಳಿಸಿದ್ದಳು. ಮುರಾರಿ ತಲೆಯಾಡಿಸಿದರು, ಚಮಚದಲ್ಲಿ, ನಿಧಾನ. ನರ್ಸ್ ಬರುವವರೆಗೂ ಕಾಯುವ ತಾಳ್ಮೆ ಕಿಣಿಯವರಿಗಿರಲಿಲ್ಲ. ತಾವೇ ಬಟ್ಟಲು ಹಿಡಿದು ಮಂಚದ ಅಂಚಿನಲ್ಲಿ ಕುಳಿತರು.

ಒಂದು ಚಮಚ. ಸ್ವರ್ಣಲತಾ ಕಣ್ಣು ಮುಚ್ಚಿ ನುಂಗಿದಳು. ಎರಡು. ಮೂರು. ನಾಲ್ಕನೆಯದಕ್ಕೆ ಕೈ ಅಡ್ಡ ಹಿಡಿದಳು. ಕಿಣಿಯವರು ಚಮಚ ಹಿಂದೆಳೆದುಕೊಂಡರು.

“ಎಂತಾಯ್ತು? ನೋಯ್ತದಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಒಳಗೆ ಯಾರೋ ಹೇಳುತ್ತಿರುವುದನ್ನು ಆಲಿಸುವವಳಂತೆ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಮುಖವೆಲ್ಲ ಅರಳಿತು, ಕಣ್ಣಲ್ಲಿ ನೀರು ಬಂತು.

“ಡಾಕ್ಟ್ರೇ, ಸಾಕು,” ಎಂದಳು. “ಸಾಕು ಅನಿಸುದು ಅಂದ್ರೆ ಹೀಗಾ? ನಿಮಗೆಲ್ಲ ದಿನಾ ಹೀಗೇ ಆಗ್ತದಾ?”

ಕಿಣಿಯವರು ಹೌದೆಂದು ತಲೆಯಾಡಿಸಿದರು. ಬಟ್ಟಲಿನ ತುಂಬ ಗಂಜಿತಿಳಿ ಹಾಗೇ ಇತ್ತು. ಇನ್ನೂ ಬೆಚ್ಚಗಿದ್ದ ಅದನ್ನು ಎಲ್ಲಿಯೂ ಇಡಲು ಮನಸ್ಸಾಗದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಅವರು ಅಲ್ಲೇ ಕುಳಿತಿದ್ದರು.